2,000 ಕಿಲೋಮೀಟರ್ ದೂರದ ಊರಿಗೆ ಕಾರು ಕಳಿಸುವುದು ಹೇಗೆ?

ಪ್ರಶ್ನೆ: ಹೊಸ ಕೆಲಸ ಸಿಕ್ಕಿದೆ. ಸುಮಾರು 2,000 ಕಿಲೋಮೀಟರ್ ದೂರದ ಊರಿಗೆ ಮನೆ ಬದಲಾಯಿಸುತ್ತಿದ್ದೇನೆ. ನನ್ನದು ಆರು ವರ್ಷ ಹಳೆಯ ಪೆಟ್ರೋಲ್ ಕಾರು. ಬೆನ್ನುನೋವು ಇರುವುದರಿಂದ ಅಷ್ಟು ದೂರ ನಾನೇ ಓಡಿಸಲು ಆಗುವುದಿಲ್ಲ. ಮೂರು ಕಡೆ ದರ ಕೇಳಿದೆ. ಒಬ್ಬರು ಹೇಳಿದ್ದು ಇನ್ನೊಬ್ಬರು ಹೇಳಿದ್ದರ ಅರ್ಧದಷ್ಟೇ ಇದೆ. ಇಷ್ಟು ವ್ಯತ್ಯಾಸ ಯಾಕೆ? ಮನೆ ಸಾಮಾನನ್ನು ಕಾರಿನೊಳಗೇ ತುಂಬಿ ಕಳಿಸಬಹುದೇ? ದಾರಿಯಲ್ಲಿ ಗೀರು ಬಿದ್ದರೆ ವಿಮೆ ಸಿಗುತ್ತದೆಯೇ? ನನ್ನ ತಂಗಿಯೂ ಸ್ವಲ್ಪ ದಿನದಲ್ಲೇ ತನ್ನ ಎಲೆಕ್ಟ್ರಿಕ್ ಕಾರನ್ನು ಹಡಗಿನಲ್ಲಿ ಬೇರೆ ದೇಶಕ್ಕೆ ಕಳಿಸಬೇಕಾಗಬಹುದು. ಅದಕ್ಕೆ ಬೇರೆ ಏನಾದರೂ ನೋಡಿಕೊಳ್ಳಬೇಕೇ?

ಉತ್ತರ: ದರದಿಂದಲೇ ಶುರು ಮಾಡುತ್ತೇನೆ. ನಿಮ್ಮ ಉಳಿದ ಪ್ರಶ್ನೆಗಳ ಬೇರು ಕೂಡ ಅಲ್ಲೇ ಇದೆ.

ನೀವು ಮಾತಾಡಿದ ಮೂವರೂ ಒಂದೇ ಕೆಲಸ ಮಾಡುವವರು ಆಗಿರಬೇಕಾಗಿಲ್ಲ. ಕೆಲವರ ಹತ್ತಿರ ಸ್ವಂತ ಲಾರಿ, ಸ್ವಂತ ಡ್ರೈವರ್‌ಗಳು ಇರುತ್ತಾರೆ. ಕೆಲವರ ಹತ್ತಿರ ಲಾರಿಯೇ ಇರುವುದಿಲ್ಲ. ಅವರು ದಲ್ಲಾಳಿಗಳು. ನಿಮ್ಮಿಂದ ಬುಕಿಂಗ್ ತಗೊಂಡು, ಆ ದಾರಿಯಲ್ಲಿ ಹೋಗುವ ಲಾರಿಯವರನ್ನು ಹುಡುಕಿ ಕೆಲಸ ಒಪ್ಪಿಸುತ್ತಾರೆ. ಇನ್ನು ಕೆಲವರು ಮನೆ ಸಾಮಾನು ಸಾಗಿಸುವವರು. ಕಾರನ್ನೂ ತಾವೇ ತಲುಪಿಸುತ್ತೇವೆ ಅನ್ನುತ್ತಾರೆ, ಆದರೆ ಆ ಕೆಲಸವನ್ನು ಬೇರೆಯವರಿಗೆ ಕೊಟ್ಟುಬಿಡುತ್ತಾರೆ. ದಲ್ಲಾಳಿ ಅಂದ ತಕ್ಷಣ ಮೋಸ ಅಂದುಕೊಳ್ಳಬೇಡಿ. ಯಾವ ಲಾರಿಯವರು ಜೋಪಾನವಾಗಿ ಕೆಲಸ ಮಾಡುತ್ತಾರೆ ಅಂತ ಒಳ್ಳೆಯ ದಲ್ಲಾಳಿಗೆ ಗೊತ್ತಿರುತ್ತದೆ. ಒಂದು ಲಾರಿ ಕೈಕೊಟ್ಟರೆ ಇನ್ನೊಂದನ್ನು ಗೊತ್ತು ಮಾಡಿಕೊಡುತ್ತಾರೆ. ದಲ್ಲಾಳಿ ಅಂತ ಹೇಳಿಕೊಳ್ಳದೆ ಲಾರಿ ಮಾಲೀಕರ ಹಾಗೆ ಮಾತಾಡುವವರಿಂದಲೇ ತೊಂದರೆ.

ಅರ್ಧ ದರ ಎರಡು ರೀತಿಯಲ್ಲಿ ಹುಟ್ಟುತ್ತದೆ. ಮೊದಲನೆಯದು ಸುಮ್ನೆ ಹೇಳಿದ ದರ. ನಿಮ್ಮ ಬುಕಿಂಗ್ ಹಿಡಿಯಲು ಕಡಿಮೆ ಹೇಳಿ ಮುಂಗಡ ತಗೊಳ್ಳುತ್ತಾರೆ. ಆ ದುಡ್ಡಿಗೆ ಯಾವ ಲಾರಿಯವರೂ ಬರುವುದಿಲ್ಲ. ನೀವು ಮನೆ ಖಾಲಿ ಮಾಡುವ ದಿನ ಹತ್ತಿರ ಬಂದಾಗ ಫೋನ್ ಬರುತ್ತದೆ: ‘ಈ ದರಕ್ಕೆ ಗಾಡಿ ಸಿಗುತ್ತಿಲ್ಲ, ಇನ್ನಷ್ಟು ಕೊಟ್ಟರೆ ನಾಳೆಯೇ ಕಳಿಸುತ್ತೇವೆ.’ ಆಗ ನಿಮಗೆ ಬೇರೆ ದಾರಿ ಇರುವುದಿಲ್ಲ, ಕೊಡುತ್ತೀರಿ. ಈ ಆಟಕ್ಕೆ ಮುಂಚೆಯೇ ತಡೆ ಹಾಕಬೇಕು. ‘ಇದು ಕೊನೆಯ ದರ, ಕಾರು ಹತ್ತಿಸಿದ ಮೇಲೆ ಅಥವಾ ಇಳಿಸುವಾಗ ಜಾಸ್ತಿ ಕೇಳುವುದಿಲ್ಲ’ ಅಂತ ಬರಹದಲ್ಲಿ ಕೊಡಲು ಹೇಳಿ. ಕೊಡಲು ಹಿಂಜರಿದರೆ ಅಲ್ಲಿಗೇ ಮಾತು ಮುಗಿಸಿ.

ಎರಡನೆಯದು ನಿಜವಾಗಿಯೂ ಕಡಿಮೆ ಖರ್ಚಿನ ಸಾಗಣೆ. ಅದು ಹೇಗೆ ಕಡಿಮೆಯಾಗುತ್ತದೆ ಅನ್ನುವುದನ್ನು ನೀವು ತಿಳಿದುಕೊಳ್ಳಲೇಬೇಕು. ನಿಮ್ಮ ಕಾರನ್ನು ಒಬ್ಬರು ಮನೆಯಿಂದ ಓಡಿಸಿಕೊಂಡು ಹೋಗಿ ಒಂದು ಯಾರ್ಡಿನಲ್ಲಿ, ಅಂದರೆ ಸಾಗಿಸುವ ಕಾರುಗಳನ್ನು ನಿಲ್ಲಿಸುವ ಬಯಲಿನಲ್ಲಿ, ಬಿಡುತ್ತಾರೆ. ಲಾರಿ ತುಂಬುವವರೆಗೆ ಅದು ಅಲ್ಲೇ ನಿಂತಿರುತ್ತದೆ. ಆಮೇಲೆ ಅರ್ಧ ದಾರಿಯ ಯಾರ್ಡಿಗೆ ಹೋಗುತ್ತದೆ. ಅಲ್ಲಿ ಇಳಿಸಿ, ಬೇರೆ ಲಾರಿಗೆ ಹತ್ತಿಸುತ್ತಾರೆ. ಕೊನೆಗೆ ನಿಮ್ಮ ಊರಿನ ಯಾರ್ಡು, ಅಲ್ಲಿಂದ ಇನ್ನೊಬ್ಬ ಡ್ರೈವರ್. ಎಲ್ಲವೂ ಸರಿಯಾಗಿಯೇ ನಡೆಯಬಹುದು. ಆದರೆ ಕಾರಿಗೆ ಪೆಟ್ಟು ಬೀಳುವುದು ಬಹುತೇಕ ಹೆದ್ದಾರಿಯಲ್ಲಿ ಅಲ್ಲ, ಹತ್ತಿಸುವಾಗ, ಇಳಿಸುವಾಗ, ಯಾರ್ಡಿನಲ್ಲಿ ಇಕ್ಕಟ್ಟಿನಲ್ಲಿ ತಿರುಗಿಸುವಾಗ. ಒಂದು ಸಲ ಹತ್ತಿಸಿ ಒಂದು ಸಲ ಇಳಿಸಿದರೆ ಎರಡು ಅಪಾಯ. ನಡುವೆ ಲಾರಿ ಬದಲಾದಷ್ಟೂ ಅದು ಬೆಳೆಯುತ್ತದೆ. ಜೊತೆಗೆ, ಗೀರು ಯಾರ ಕೈಯಲ್ಲಿ ಬಿತ್ತು ಅಂತ ಹೇಳುವುದೂ ಕಷ್ಟವಾಗುತ್ತದೆ. ಒಬ್ಬರು ಇನ್ನೊಬ್ಬರ ಕಡೆ ಬೆರಳು ತೋರಿಸುತ್ತಾರೆ, ನಷ್ಟ ನಿಮ್ಮ ಪಾಲಿಗೆ ಉಳಿಯುತ್ತದೆ.

ಆದ್ದರಿಂದ ದರ ಕೇಳುವಾಗ ನೀವು ಮೊದಲು ಕೇಳಬೇಕಾದ ಪ್ರಶ್ನೆ ಇದು: ನನ್ನ ಕಾರು ಎಷ್ಟು ಕೈ ಬದಲಾಗುತ್ತದೆ? ಪ್ರತಿ ಕೈಯಲ್ಲೂ ಅದರ ಸ್ಥಿತಿ ಬರೆದು ಸಹಿ ಆಗುತ್ತದೆಯೇ? ಇದಕ್ಕೆ ನೇರ ಉತ್ತರ ಕೊಡುವವರು ಸ್ವಲ್ಪ ದುಬಾರಿಯಾದರೂ ನಾನು ಅವರನ್ನೇ ಆರಿಸುತ್ತೇನೆ. ಈ ಒಂದು ವಿಷಯದಲ್ಲಿ ನನಗೆ ಎರಡನೇ ಯೋಚನೆ ಇಲ್ಲ.

ಇನ್ನು ಲಾರಿಯ ಬಗೆ. ಮೇಲೆ ಕೆಳಗೆ ಎರಡು ಅಂತಸ್ತು ಇರುವ, ಬದಿ ತೆರೆದ ಲಾರಿಗಳನ್ನು ನೀವು ರಸ್ತೆಯಲ್ಲಿ ನೋಡಿರುತ್ತೀರಿ. ಶೋರೂಮಿಗೆ ಹೋಗುವ ಹೊಸ ಕಾರುಗಳೂ ಬಹಳಷ್ಟು ಕಡೆ ಇಂಥ ಲಾರಿಯಲ್ಲೇ ಹೋಗುತ್ತವೆ. ನಿಮ್ಮ ಕಾರಿಗೆ ಇದು ಸಾಕು. ಮಳೆ, ಧೂಳು, ಅಪರೂಪಕ್ಕೆ ಒಂದು ಸಣ್ಣ ಕಲ್ಲು ತಗಲಬಹುದು, ಅಷ್ಟೇ. ಪೂರ್ತಿ ಮುಚ್ಚಿದ ಲಾರಿಯಲ್ಲಿ ಇದ್ಯಾವುದೂ ಇಲ್ಲ, ಆದರೆ ಅದರಲ್ಲಿ ಕಾರುಗಳು ಕಡಿಮೆ ಹಿಡಿಯುತ್ತವೆ, ದರ ಜಾಸ್ತಿ. ಹಳೆಯ ಕಾಲದ ಅಪರೂಪದ ಕಾರು, ಹೊಸದಾಗಿ ಪೂರ್ತಿ ಬಣ್ಣ ಹೊಡೆಸಿದ ಕಾರು, ನೆಲಕ್ಕೆ ತೀರಾ ಹತ್ತಿರ ಇರುವ ಸ್ಪೋರ್ಟ್ಸ್ ಕಾರು, ಇಂಥವಕ್ಕೆ ಆ ದುಡ್ಡು ಕೊಡುವುದರಲ್ಲಿ ಅರ್ಥವಿದೆ. ಆರು ವರ್ಷ ದಿನವೂ ಓಡಿದ ಕಾರಿಗೆ ಬೇಕಿಲ್ಲ. ಆ ದುಡ್ಡನ್ನು ಮನೆಯಿಂದ ಮನೆಗೆ ನೇರವಾಗಿ ಒಂದೇ ಲಾರಿಯಲ್ಲಿ ಹೋಗುವ ಸೇವೆಗೆ ಹಾಕಿ. ಕೆಲವು ಕಡೆ ಇಡೀ ಲಾರಿ ಮುಚ್ಚಿದ್ದರೂ ಒಳಗೆ ಕಾರುಗಳನ್ನು ಒತ್ತೊತ್ತಾಗಿ ನಿಲ್ಲಿಸುತ್ತಾರೆ. ಮುಚ್ಚಿದ್ದು ಅಂದ ಮಾತ್ರಕ್ಕೆ ಭದ್ರ ಅಂತ ತಿಳಿಯಬೇಡಿ.

ಕಾರನ್ನು ಹೇಗೆ ಕಟ್ಟುತ್ತಾರೆ ಅನ್ನುವುದು ಲಾರಿಗಿಂತ ಮುಖ್ಯ. ನಾಲ್ಕೂ ಟೈರುಗಳ ಮೇಲೆ ಅಗಲವಾದ ನೈಲಾನ್ ಅಥವಾ ಪಾಲಿಯೆಸ್ಟರ್ ಪಟ್ಟಿ ಹಾಕಿ ಬಿಗಿಯುವುದು ಒಳ್ಳೆಯ ಪದ್ಧತಿ. ಹಾಗೆ ಮಾಡಿದರೆ ಚಕ್ರ ಮಾತ್ರ ಹಲಗೆಗೆ ಅಂಟಿಕೊಂಡಿರುತ್ತದೆ. ಲಾರಿ ಕುಲುಕಿದಾಗ ಕಾರಿನ ಮೈ ತನ್ನ ಸಸ್ಪೆನ್ಷನ್ ಮೇಲೆ ಮೇಲೆ ಕೆಳಗೆ ಆಡುತ್ತದೆ, ಪೆಟ್ಟು ತಾಳುತ್ತದೆ. ಹಳೆಯ ಪದ್ಧತಿಯಲ್ಲಿ ಕೊಕ್ಕೆ ಇರುವ ಸರಪಳಿಯನ್ನು ಕಾರಿನ ಅಡಿಗೆ ಹಾಕಿ ಎಳೆದು ಕಟ್ಟುತ್ತಾರೆ. ಸರಿಯಾದ ಜಾಗಕ್ಕೆ ಹಾಕಿದರೆ ಅದೂ ನಡೆಯುತ್ತದೆ. ತಪ್ಪು ಜಾಗಕ್ಕೆ ಹಾಕಿದರೆ ಸಸ್ಪೆನ್ಷನ್ ತೋಳು ಬಾಗುತ್ತದೆ, ಬ್ರೇಕ್ ಪೈಪು ಜಜ್ಜುತ್ತದೆ. ಇದು ಹೊರಗಿನಿಂದ ಕಾಣುವುದೇ ಇಲ್ಲ. ಕಾರು ಬಂದ ಮೇಲೆ ಸ್ಟೀರಿಂಗ್ ಒಂದು ಕಡೆ ಎಳೆದಾಗಲೇ ಗೊತ್ತಾಗುವುದು. ‘ಚಕ್ರಕ್ಕೆ ಪಟ್ಟಿ ಹಾಕುತ್ತೀರಾ, ಅಡಿಗೆ ಸರಪಳಿ ಹಾಕುತ್ತೀರಾ’ ಅಂತ ಬುಕಿಂಗ್ ಮಾಡುವಾಗಲೇ ಕೇಳಿ. ಫೋನ್ ತೆಗೆದವರಿಗೆ ಈ ಪ್ರಶ್ನೆ ಅರ್ಥವಾಗದೇ ಹೋದರೆ ಅವರಿಗೂ ಲಾರಿಗೂ ಬಹಳ ದೂರ ಅಂತ ಅರ್ಥ.

ಯಾವ ಅಂತಸ್ತಿನಲ್ಲಿ ನಿಲ್ಲಿಸುತ್ತಾರೆ ಅನ್ನುವುದನ್ನೂ ಕೇಳಬಹುದು. ಕೆಳಗಿನ ಕಾರಿನ ಮೇಲೆ ಮೇಲಿನ ಕಾರಿನ ಎಣ್ಣೆ, ಕೂಲಂಟ್ ಹನಿಯುವುದುಂಟು. ಬ್ರೇಕ್ ಎಣ್ಣೆ ಬಿದ್ದರೆ ಬಣ್ಣವೇ ಕಿತ್ತುಬರುತ್ತದೆ. ಲಾರಿಯ ಮೇಲೆ ಕಾರುಗಳು ಸಮತಟ್ಟಾಗಿ ನಿಲ್ಲುವುದಿಲ್ಲ. ಜಾಗ ಹೊಂದಿಸಲು ಒಂದೊಂದನ್ನು ಒಂದೊಂದು ಕೋನಕ್ಕೆ ವಾಲಿಸಿರುತ್ತಾರೆ. ಸಮನೆಲದ ಮೇಲೆ ಸೋರದ ಎಂಜಿನ್ ಹೀಗೆ ವಾಲಿದಾಗ ಸೋರಬಹುದು. ಅಮೆರಿಕದ ಜನರಲ್ ಮೋಟರ್ಸ್ ಕಂಪನಿ 1970ರಲ್ಲಿ ತನ್ನ ಷೆವ್ರೊಲೆ ವೇಗಾ ಕಾರುಗಳನ್ನು ರೈಲಿನಲ್ಲಿ ಮೂತಿ ಕೆಳಗೆ ಮಾಡಿ, ನೆಟ್ಟಗೆ ನೇತುಹಾಕಿ ಸಾಗಿಸಲು ಶುರು ಮಾಡಿತು. ಹದಿನೆಂಟು ಕಾರು ಹಿಡಿಯುತ್ತಿದ್ದ ಒಂದು ಬೋಗಿಯಲ್ಲಿ ಹಾಗೆ 30 ಕಾರು ಹಿಡಿದವು. ಅದಕ್ಕಾಗಿ ಎಂಜಿನ್ ಒಳಗೆ ಎಣ್ಣೆ ಹರಿಯದ ಹಾಗೆ ತಡೆ ಕೂರಿಸಿದರು, ಬ್ಯಾಟರಿಯ ಮುಚ್ಚಳಗಳ ಜಾಗ ಬದಲಿಸಿದರು, ಗಾಜು ತೊಳೆಯುವ ನೀರಿನ ಬಾಟಲಿಯನ್ನೂ ಓರೆಯಾಗಿ ಇಟ್ಟರು. ಒಂದು ಕಾರನ್ನು ವಾಲಿಸುವುದರಲ್ಲಿ ಎಷ್ಟೆಲ್ಲ ಇದೆ ಅಲ್ವಾ! ನಿಮ್ಮ ಕಾರಿನಲ್ಲಿ ಸಣ್ಣ ಸೋರಿಕೆ ಇದ್ದರೂ ಕಳಿಸುವ ಮೊದಲು ರಿಪೇರಿ ಮಾಡಿಸಿ. ಅದು ಕೆಳಗಿರುವ ಇನ್ನೊಬ್ಬರ ಕಾರಿನ ಪ್ರಶ್ನೆಯೂ ಹೌದು.

ಸಾಮಾನು ತುಂಬುವ ವಿಷಯಕ್ಕೆ ಬರೋಣ. ನನ್ನ ಉತ್ತರ ಬೇಡ ಅಂತಲೇ. ಖಾಲಿ ಜಾಗ ಸುಮ್ನೆ ಹೋಗುತ್ತದಲ್ಲ ಅಂತ ಅನಿಸುವುದು ಸಹಜ. ಆದರೆ ಲಾರಿಯವರ ವಿಮೆ ಸಾಮಾನ್ಯವಾಗಿ ಕಾರಿಗೆ ಮಾತ್ರ, ಒಳಗಿನ ಪೆಟ್ಟಿಗೆಗೆ ಅಲ್ಲ. ಕಳೆದುಹೋದರೆ ಯಾರೂ ಕೊಡುವುದಿಲ್ಲ. ಲಾರಿಗೆ ತೂಕದ ಮಿತಿ ಇದೆ. ದಾರಿಯಲ್ಲಿ ತೂಕ ನೋಡುವ ಕಡೆ ಜಾಸ್ತಿ ಬಂದರೆ ದಂಡ ಕಟ್ಟಬೇಕಾಗುತ್ತದೆ. ಇನ್ನೊಂದು ವಿಷಯವನ್ನು ಯಾರೂ ಯೋಚಿಸುವುದಿಲ್ಲ. ಡಿಕ್ಕಿಯಲ್ಲಿ ಭಾರ ತುಂಬಿದರೆ ಕಾರಿನ ಹಿಂಭಾಗ ಕುಗ್ಗುತ್ತದೆ. ರ‍್ಯಾಂಪ್ ಹತ್ತುವಾಗ ಹಿಂದಿನ ಬಂಪರ್ ಕೆಳಗೆ ಉಜ್ಜುತ್ತದೆ. ನಿಮ್ಮ ಕಾರು ನೆಲಕ್ಕೆ ತುಸು ಹತ್ತಿರ ಇದ್ದರಂತೂ ಇದು ಆಗಿಯೇ ಆಗುತ್ತದೆ. ಒಳಗೆ ಸಡಿಲವಾಗಿ ಇಟ್ಟ ವಸ್ತುಗಳು ದಿನಗಟ್ಟಲೆ ಕುಲುಕಿ ಡ್ಯಾಶ್‌ಬೋರ್ಡಿಗೆ, ಸೀಟಿಗೆ ತರಚು ಮಾಡುತ್ತವೆ. ಗಾಜಿನೊಳಗೆ ಪೆಟ್ಟಿಗೆ ಕಂಡರೆ ಕಳ್ಳರಿಗೂ ಆಸೆ. ಕೆಲವು ಕಂಪನಿಗಳು ಡಿಕ್ಕಿಯಲ್ಲಿ ಒಂದು ಸಣ್ಣ ಬ್ಯಾಗ್ ಒಪ್ಪುತ್ತವೆ. ಒಪ್ಪಿದರೆ ಬಟ್ಟೆ, ಹಾಸಿಗೆಯಂಥ ಹಗುರ ಸಾಮಾನು ಇಡಿ. ಸ್ಟೆಪ್ನಿ, ಜಾಕ್, ಪಾನಾ ಇವು ಕಾರಿನದೇ ಸಾಮಾನು, ಇರಲಿ. ಅವುಗಳನ್ನೂ ಪಟ್ಟಿಯಲ್ಲಿ ಬರೆಸಿ. ಕಾರಿನ ಮೂಲ ದಾಖಲೆಗಳನ್ನು ಮಾತ್ರ ಒಳಗೆ ಬಿಡಬೇಡಿ. ಲಾರಿಯವರಿಗೆ ನಕಲು ಪ್ರತಿ ಸಾಕಾಗುತ್ತದೆಯೇ ಕೇಳಿ, ಸಾಕಾದರೆ ಅದನ್ನೇ ಕೊಡಿ.

ಕಾರನ್ನು ಸಿದ್ಧ ಮಾಡುವುದು ಒಂದು ಮಧ್ಯಾಹ್ನದ ಕೆಲಸ. ಪೆಟ್ರೋಲ್ ಕಾಲು ಟ್ಯಾಂಕ್ ಇದ್ದರೆ ಸಾಕು. ಹತ್ತಿಸಿ ಇಳಿಸುವುದಕ್ಕೆ, ಕೊನೆಗೆ ಪೆಟ್ರೋಲ್ ಬಂಕ್ ಮುಟ್ಟುವುದಕ್ಕೆ ಅಷ್ಟೇ ಬೇಕು. ಅದಕ್ಕಿಂತ ಜಾಸ್ತಿ ಇದ್ದರೆ ಭಾರ, ಬೆಂಕಿಯ ಭಯವೂ ಹೆಚ್ಚು. ಟೈರಿನ ಗಾಳಿ ಸರಿ ಇರಲಿ. ಮೇಲೆ ಕೂರಿಸಿದ ಕ್ಯಾರಿಯರ್, ತಿರುಗಿಸಿ ತೆಗೆಯಬಹುದಾದ ಆಂಟೆನಾ ತೆಗೆದಿಡಿ. ಬಾಗಿಲ ಕನ್ನಡಿ ಮಡಚಿ. ಟೋಲ್ ಕಟ್ಟುವ ಎಲೆಕ್ಟ್ರಾನಿಕ್ ಟ್ಯಾಗ್ ಇದ್ದರೆ ತೆಗೆಯಿರಿ, ಇಲ್ಲದಿದ್ದರೆ ಲಾರಿಯ ಮೇಲೆ ಕೂತ ನಿಮ್ಮ ಕಾರಿಗೂ ಟೋಲ್ ಕಡಿತವಾಗಬಹುದು. ಅಲಾರಂ ಬಂದ್ ಮಾಡಿ. ನಿಂತಾಗಲೂ ಚಿತ್ರ ತೆಗೆಯುವ ಡ್ಯಾಶ್‌ಕ್ಯಾಮ್ ಇದ್ದರೆ ಅದರ ತಂತಿ ಕಳಚಿ. ಅದು ಹತ್ತು ಹದಿನೈದು ದಿನದಲ್ಲಿ ಬ್ಯಾಟರಿಯನ್ನು ಪೂರ್ತಿ ಹೀರಿಬಿಡಬಹುದು. ಬ್ಯಾಟರಿ ಸತ್ತ ಕಾರನ್ನು ಇಳಿಸಲು ವಿಂಚ್, ಅಂದರೆ ಹಗ್ಗ ಸುತ್ತಿ ಎಳೆಯುವ ಯಂತ್ರ ಬೇಕು, ಅದಕ್ಕೆ ಬೇರೆ ದುಡ್ಡು. ಕಾರಿನ ಬ್ಯಾಟರಿ ಈಗಾಗಲೇ ಸೋತಿದ್ದರೆ, ಹ್ಯಾಂಡ್ ಬ್ರೇಕ್ ಸಡಿಲ ಇದ್ದರೆ, ಕಾರು ಸ್ಟಾರ್ಟ್ ಆಗಲು ಹಠ ಮಾಡುತ್ತಿದ್ದರೆ ಮೊದಲೇ ಹೇಳಿ. ಮುಚ್ಚಿಡುವುದರಿಂದ ಹತ್ತಿಸುವ ಹುಡುಗರಿಗೆ ಅಪಾಯ. ಗಾಳಿ ತುಂಬುವ ಸಸ್ಪೆನ್ಷನ್ ಇರುವ ಕಾರುಗಳಲ್ಲಿ ಸಾಗಣೆಗೆ ಅಂತಲೇ ಒಂದು ಮೋಡ್ ಇರುತ್ತದೆ. ಕಟ್ಟಿದ ಮೇಲೆ ಕಾರು ತಾನಾಗಿಯೇ ಮೇಲೆ ಏಳಲು, ಕೆಳಗೆ ಕೂರಲು ಹೋದರೆ ಪಟ್ಟಿ ಸಡಿಲವಾಗುತ್ತದೆ. ಕಾರಿನ ಕೈಪಿಡಿಯಲ್ಲಿ ಅದರ ಬಗ್ಗೆ ಬರೆದಿರುತ್ತದೆ.

ಒಂದೇ ಕೀಲಿ ಕೊಡಿ. ಕೀಲಿಗೊಂಚಲಿನಿಂದ ಮನೆ ಕೀಲಿ ಬಿಡಿಸಿಕೊಳ್ಳಿ. ಎರಡನೇ ಕೀಲಿ ನಿಮ್ಮ ಹತ್ತಿರವೇ ಇರಲಿ, ಬ್ಯಾಗಿನಲ್ಲಿ, ಮನೆ ಸಾಮಾನಿನ ಪೆಟ್ಟಿಗೆಯಲ್ಲಿ ಅಲ್ಲ.

ಈಗ ಎಲ್ಲಕ್ಕಿಂತ ಮುಖ್ಯವಾದ ಅರ್ಧ ಗಂಟೆ. ಕಾರು ಕೊಡುವ ಗಳಿಗೆ. ಹಿಂದಿನ ದಿನ ಕಾರನ್ನು ಚೆನ್ನಾಗಿ ತೊಳೆಸಿ. ಕೊಳೆ ಇದ್ದರೆ ಗೀರು ಕಾಣುವುದಿಲ್ಲ. ಇಳಿಸಿದ ಮೇಲೆ ‘ಇದು ಮೊದಲೇ ಇತ್ತು, ಕೊಳೆಯಲ್ಲಿ ಕಂಡಿರಲಿಲ್ಲ’ ಅನ್ನುವ ಮಾತು ಅಲ್ಲಿಂದಲೇ ಹುಟ್ಟುವುದು. ಬೆಳಕಿರುವ ಹೊತ್ತಿನಲ್ಲೇ ಬರಲು ಹೇಳಿ. ನಾಲ್ಕು ಬದಿ, ನಾಲ್ಕು ಮೂಲೆ, ಚಾವಣಿ, ಮುಂದಿನ ಹಿಂದಿನ ಗಾಜು, ಒಂದೊಂದು ಚಕ್ರದ ರಿಮ್, ಎರಡೂ ಬಂಪರಿನ ಕೆಳ ಅಂಚು, ಸೀಟುಗಳು, ಡಿಕ್ಕಿ ಎಲ್ಲದರ ಫೋಟೋ ತೆಗೆಯಿರಿ. ಓಡೋಮೀಟರ್ ಮತ್ತು ಪೆಟ್ರೋಲ್ ಮುಳ್ಳು ಒಂದೇ ಫೋಟೋದಲ್ಲಿ ಬರಲಿ. ಯಾರ್ಡಿನಲ್ಲಿ ಕಾರನ್ನು ಸ್ವಂತಕ್ಕೆ ಓಡಿಸಿಕೊಂಡ ದೂರುಗಳು ಇವೆ. ಕೆಲವೇ ಕಿಲೋಮೀಟರ್ ಏರುವುದು ಸಹಜ, ಅದಕ್ಕಿಂತ ಜಾಸ್ತಿ ಏರಿದ್ದರೆ ಲೆಕ್ಕ ಕೇಳಲು ನಿಮಗೆ ಆಧಾರ ಬೇಕು. ಈಗಾಗಲೇ ಇರುವ ಗೀರು, ತಗ್ಗುಗಳನ್ನು ಹತ್ತಿರದಿಂದ ತೆಗೆಯಿರಿ. ಅವುಗಳನ್ನು ಮುಚ್ಚಿಡಬೇಡಿ. ಹಳೆಯ ಗೀರನ್ನು ನೀವೇ ತೋರಿಸಿದರೆ ಹೊಸ ಗೀರಿನ ಬಗ್ಗೆ ನಿಮ್ಮ ಮಾತಿಗೆ ಬೆಲೆ ಬರುತ್ತದೆ.

ಡ್ರೈವರ್ ಹತ್ತಿರ ಕಾರಿನ ಚಿತ್ರ ಇರುವ ಒಂದು ಹಾಳೆ ಅಥವಾ ಫೋನಿನಲ್ಲಿ ಆ್ಯಪ್ ಇರುತ್ತದೆ. ಇದ್ದ ಗೀರುಗಳನ್ನು ಅದರಲ್ಲಿ ಗುರುತು ಹಾಕುತ್ತಾರೆ. ಅವರ ಜೊತೆ ನಡೆಯಿರಿ. ‘ಸಣ್ಣಪುಟ್ಟ ಗೀರುಗಳಿವೆ’ ಅಂತ ಒಂದೇ ಸಾಲಿನಲ್ಲಿ ಬರೆಯಲು ಬಿಡಬೇಡಿ. ಆ ಸಾಲು ಮುಂದೆ ಬೀಳುವ ಎಲ್ಲ ಗೀರನ್ನೂ ನುಂಗುತ್ತದೆ. ಯಾವ ಬಾಗಿಲು, ಎಷ್ಟು ಉದ್ದ ಅಂತ ಬರೆಸಿ. ಇಬ್ಬರೂ ಸಹಿ ಹಾಕಿ, ಪ್ರತಿ ನಿಮ್ಮ ಕೈಗೆ ಬರಲಿ. ಹಾಳೆಯ ಮೇಲಿರುವ ಕಂಪನಿಯ ಹೆಸರು ನೀವು ಬುಕ್ ಮಾಡಿದವರದೇ ಹೌದಾ, ನೋಡಿ. ಬೇರೆ ಇದ್ದರೆ ಆ ಕ್ಷಣದಲ್ಲೇ ಫೋನ್ ಮಾಡಿ ಬರಹದಲ್ಲಿ ಒಪ್ಪಿಗೆ ತರಿಸಿಕೊಳ್ಳಿ. ಲಾರಿಯ ನಂಬರ್ ಪ್ಲೇಟಿನ ಫೋಟೋ ಕೂಡ ಇರಲಿ.

ನಾನು ನೋಡಿದ ಜಗಳಗಳಲ್ಲಿ ಬಹಳಷ್ಟು ಈ ಹಾಳೆಯಿಂದಲೇ ತೀರ್ಮಾನವಾಗಿವೆ. ಹಾಳೆ ಸರಿ ಇದ್ದವರಿಗೆ ದುಡ್ಡು ಬಂದಿದೆ. ಕಾರು ಪ್ರೀತಿಯಿಂದ ಇಟ್ಟುಕೊಂಡಿದ್ದೆ, ಒಂದು ಗೀರೂ ಇರಲಿಲ್ಲ ಅಂತ ಕಣ್ಣೀರಿಟ್ಟವರ ಮಾತು ಪೂರ್ತಿ ನಿಜ ಅಂತ ನನಗೆ ಅನಿಸಿದಾಗಲೂ, ಹಾಳೆ ಖಾಲಿ ಇದ್ದ ಕಾರಣ ಏನೂ ಮಾಡಲು ಆಗಿಲ್ಲ. ಅದು ನೋಡಲು ಬಹಳ ಸಂಕಟ. ದಯವಿಟ್ಟು ಈ ಅರ್ಧ ಗಂಟೆಯನ್ನು ಬೇರೆ ಯಾರಿಗೂ ಒಪ್ಪಿಸಬೇಡಿ.

ತಲುಪಿದಾಗಲೂ ಅಷ್ಟೇ. ಕಾರು ಇನ್ನೂ ಲಾರಿಯ ಮೇಲೆ ಇರುವಾಗಲೇ ಒಂದೆರಡು ಫೋಟೋ ತೆಗೆಯಿರಿ. ಇಳಿಸಿದ ಮೇಲೆ ಸುತ್ತ ನೋಡಿ, ಆಮೇಲೆ ಸಹಿ. ಡ್ರೈವರ್ ಬೇರೆಡೆ ಹೋಗಬೇಕು ಅಂತ ಅವಸರ ಮಾಡುತ್ತಾರೆ. ಪಾಪ, ಅವರ ಒತ್ತಡ ನಿಜವೇ. ಆದರೂ ಹತ್ತು ನಿಮಿಷ ಕೇಳುವುದರಲ್ಲಿ ತಪ್ಪಿಲ್ಲ. ರಾತ್ರಿ ಬಂದರೆ ಟಾರ್ಚ್ ಹಿಡಿದು ನೋಡಿ, ‘ಕತ್ತಲಲ್ಲಿ ನೋಡಿದ್ದು’ ಅಂತ ಹಾಳೆಯಲ್ಲಿ ಬರೆಯಿರಿ. ಪೆಟ್ಟು ಕಂಡರೆ ಅದೇ ಹಾಳೆಯಲ್ಲಿ ಬರೆದು, ಡ್ರೈವರ್ ಸಹಿ ಹಾಕಿಸಿ. ಎಲ್ಲ ಸರಿ ಇದೆ ಅಂತ ಸಹಿ ಹಾಕಿದ ಮೇಲೆ ಫೋನಿನಲ್ಲಿ ಹೇಳಿದ ದೂರಿಗೆ ಬಲ ಕಡಿಮೆ.

ವಿಮೆಯ ಪ್ರಶ್ನೆಗೆ ಉತ್ತರ ಇಲ್ಲಿಂದ ಸುಲಭ. ಇಲ್ಲಿ ಮೂರು ಬೇರೆ ಬೇರೆ ವಿಮೆಗಳನ್ನು ಜನ ಒಂದೇ ಅಂತ ತಿಳಿಯುತ್ತಾರೆ. ನಿಮ್ಮ ಕಾರಿನ ಮಾಮೂಲಿ ಪಾಲಿಸಿ ಒಂದು. ಅದು ಲಾರಿಯ ಮೇಲೆ ಹೋಗುವಾಗಲೂ ಅನ್ವಯಿಸುತ್ತದೆಯೇ ಅನ್ನುವುದು ಪಾಲಿಸಿಯಿಂದ ಪಾಲಿಸಿಗೆ ಬೇರೆ. ನಿಮ್ಮ ವಿಮಾ ಕಂಪನಿಗೆ ಇಮೇಲ್ ಮಾಡಿ, ಉತ್ತರ ಬರಹದಲ್ಲೇ ಪಡೆಯಿರಿ. ಎರಡನೆಯದು ಸಾಗಿಸುವವರ ಹೊಣೆಗಾರಿಕೆಯ ವಿಮೆ. ಅವರ ತಪ್ಪಿನಿಂದ ಆದ ನಷ್ಟಕ್ಕೆ ಅದು. ಕಲ್ಲು ಬಡಿದದ್ದು, ಆಲಿಕಲ್ಲು, ಪ್ರವಾಹ, ಎಂಜಿನ್ ತಾನಾಗಿ ಕೆಟ್ಟದ್ದು, ಇವು ಸಾಮಾನ್ಯವಾಗಿ ಅದರಲ್ಲಿ ಬರುವುದಿಲ್ಲ. ಒಂದು ಲಾರಿಗೆ ಇಷ್ಟು ಅಂತ ಮಿತಿ ಇದ್ದರೆ ಅದು ಮೇಲಿರುವ ಎಲ್ಲ ಕಾರುಗಳಿಗೂ ಹಂಚಿಹೋಗುತ್ತದೆ. ಮೂರನೆಯದು ಈ ಒಂದು ಪ್ರಯಾಣಕ್ಕೆ ಅಂತಲೇ ನಿಮ್ಮ ಹೆಸರಿನಲ್ಲಿ ಮಾಡಿಸುವ ಸಾಗಣೆ ವಿಮೆ. ಕಾರಿನ ಈಗಿನ ಬೆಲೆಗೆ ಮಾಡಿಸಿದರೆ ನಿಜವಾದ ರಕ್ಷಣೆ ಇದೇ. ‘ಇನ್ಶೂರೆನ್ಸ್ ಎಲ್ಲ ಸೇರಿಸಿಯೇ ದರ ಹೇಳಿದ್ದೇವೆ’ ಅಂದರೆ ಯಾವುದು ಅಂತ ಕೇಳಿ, ಪಾಲಿಸಿಯ ಪ್ರತಿ ತರಿಸಿ, ಯಾವ ದಿನದವರೆಗೆ ಇದೆ ಅಂತ ನೋಡಿ.

ಸಾಗಿಸುವವರ ಹೊಣೆಗೆ ಕಾನೂನೇ ಒಂದು ಮಿತಿ ಹಾಕಿರುವ ಕಡೆಗಳೂ ಇವೆ. ದೇಶದಿಂದ ದೇಶಕ್ಕೆ ರಸ್ತೆಯಲ್ಲಿ ಹೋಗುವ ಸರಕಿಗೆ 1956ರಲ್ಲಿ ಜಿನೀವಾದಲ್ಲಿ ಸಿಎಂಆರ್ ಅನ್ನುವ ಒಪ್ಪಂದ ಆಯಿತು. ಯುರೋಪಿನ ಬಹುತೇಕ ದೇಶಗಳು ಅದರಲ್ಲಿವೆ. ಆ ಒಪ್ಪಂದಕ್ಕೆ 1978ರಲ್ಲಿ ಆದ ತಿದ್ದುಪಡಿಯ ಪ್ರಕಾರ ಮಿತಿ ಒಂದು ಕಿಲೋ ತೂಕಕ್ಕೆ 8.33 ಎಸ್‌ಡಿಆರ್. ಎಸ್‌ಡಿಆರ್ ಅಂದರೆ ಅಂತಾರಾಷ್ಟ್ರೀಯ ಹಣಕಾಸು ನಿಧಿಯ ಲೆಕ್ಕದ ಅಳತೆ. 1,200 ಕಿಲೋ ತೂಗುವ ಕಾರಿಗೆ ಇದು ಹತ್ತಿರ ಹತ್ತಿರ 10,000 ಎಸ್‌ಡಿಆರ್. ಲೆಕ್ಕ ತೂಕದ್ದು, ಬೆಲೆಯದ್ದಲ್ಲ. ಹಗುರವಾದ ದುಬಾರಿ ಕಾರಿನವರಿಗೆ ಇದರಿಂದ ದೊಡ್ಡ ನಷ್ಟ. ಕಣ್ಣಿಗೆ ಕಾಣುವ ಪೆಟ್ಟನ್ನು ಕಾರು ಪಡೆಯುವಾಗಲೇ ಹೇಳಬೇಕು. ಹೊರಗೆ ಕಾಣದ ಪೆಟ್ಟಿಗೆ ಭಾನುವಾರ, ರಜೆ ಬಿಟ್ಟು ಏಳು ದಿನದೊಳಗೆ ಬರಹದಲ್ಲಿ ತಿಳಿಸಬೇಕು. ನಿಮ್ಮ ಪ್ರಯಾಣ ಒಂದೇ ದೇಶದೊಳಗೆ ಇದ್ದರೆ ಅಲ್ಲಿಯ ಕಾನೂನು ಬೇರೆ. ಆದರೂ ಕರಾರಿನಲ್ಲಿ ಇಂಥ ಗಡುವು ಇದ್ದೇ ಇರುತ್ತದೆ, ಸಣ್ಣ ಅಕ್ಷರದಲ್ಲಿ. ಹುಡುಕಿ ಓದಿ. ತಲುಪಿದ ಮೊದಲ ವಾರದಲ್ಲೇ ಕಾರನ್ನು ಎತ್ತಿಸಿ ಅಡಿಭಾಗ ನೋಡಿಸುವುದು, ಚಕ್ರಗಳು ನೇರವಾಗಿವೆಯೇ ಅಂತ ಅಲೈನ್‌ಮೆಂಟ್ ಪರೀಕ್ಷೆ ಮಾಡಿಸುವುದು ಈ ಕಾರಣಕ್ಕೆ.

ದುಡ್ಡನ್ನು ಪೂರ್ತಿ ಮುಂಚೆಯೇ ಕೊಡಬೇಡಿ. ಸ್ವಲ್ಪ ಮುಂಗಡ, ಬಾಕಿ ಕಾರು ಕೈಗೆ ಬಂದ ಮೇಲೆ. ಕಂಪನಿಯ ಹೆಸರಿನ ಖಾತೆಗೇ ಹಾಕಿ. ಒಬ್ಬ ವ್ಯಕ್ತಿಯ ಸ್ವಂತ ಖಾತೆಗೆ ಹಾಕಲು ಹೇಳಿದರೆ ಅನುಮಾನ ಪಡಿ. ಹೆಸರಾದ ಕಂಪನಿಗಳ ಹೆಸರು, ಗುರುತು ಕದ್ದು ನಕಲಿ ವೆಬ್‌ಸೈಟ್ ಮಾಡಿ ಮುಂಗಡ ನುಂಗುವವರು ಎಲ್ಲ ಕಡೆ ಇದ್ದಾರೆ. ವೆಬ್‌ಸೈಟಿನಲ್ಲಿ ಇರುವ ನಂಬರ್ ಬಿಟ್ಟು, ಆ ಕಂಪನಿಯ ನೋಂದಣಿ ದಾಖಲೆಯಲ್ಲಿ ಇರುವ ವಿಳಾಸ, ನಂಬರ್ ಹುಡುಕಿ ಮಾತಾಡಿ.

ದಿನದ ಬಗ್ಗೆ ಒಂದು ಮಾತು. 2,000 ಕಿಲೋಮೀಟರ್ ಅಂದರೆ ಎರಡು ದಿನ ಅಂತ ಲೆಕ್ಕ ಹಾಕಬೇಡಿ. ಲಾರಿ ಡ್ರೈವರ್‌ಗಳು ಎಷ್ಟು ಹೊತ್ತು ಓಡಿಸಬಹುದು ಅನ್ನುವುದಕ್ಕೆ ಬಹಳಷ್ಟು ದೇಶಗಳಲ್ಲಿ ನಿಯಮ ಇದೆ. ಯುರೋಪಿನ ಒಕ್ಕೂಟದಲ್ಲಿ ಸಾಮಾನ್ಯವಾಗಿ ದಿನಕ್ಕೆ 9 ಗಂಟೆ, ಅದರಲ್ಲೂ ನಾಲ್ಕೂವರೆ ಗಂಟೆಗೊಮ್ಮೆ 45 ನಿಮಿಷ ವಿರಾಮ. ಅಮೆರಿಕದಲ್ಲಿ 11 ಗಂಟೆ. ಇಂಥ ನಿಯಮ ನಮ್ಮ ಕಾರಿಗೂ ಒಳ್ಳೆಯದು, ನಿದ್ದೆಗೆಟ್ಟವರ ಕೈಯಲ್ಲಿ ಅದು ಇರಬಾರದು. ದಾರಿಯಲ್ಲಿ ಬೇರೆ ಕಾರುಗಳನ್ನೂ ಹತ್ತಿಸಿ ಇಳಿಸುತ್ತಾರೆ. ನೇರ ಸಾಗಣೆಗೆ ಒಂದು ವಾರ, ಯಾರ್ಡ್ ಬದಲಾಯಿಸುವ ಸಾಗಣೆಗೆ ಎರಡು ಮೂರು ವಾರ ಇಟ್ಟುಕೊಂಡು ನಿಮ್ಮ ಓಡಾಟದ ಏರ್ಪಾಡು ಮಾಡಿಕೊಳ್ಳಿ. ಇಂಥ ದಿನವೇ ಬರುತ್ತದೆ ಅಂತ ಆಣೆ ಮಾಡುವವರಿಗಿಂತ ಈ ದಿನದಿಂದ ಈ ದಿನದ ಒಳಗೆ ಅನ್ನುವವರೇ ನಂಬಿಕಸ್ಥರು. ಉದ್ದನೆಯ ಲಾರಿ ನಿಮ್ಮ ಗಲ್ಲಿಗೆ ತಿರುಗದೇ ಇರಬಹುದು. ಹತ್ತಿರದ ಅಗಲ ರಸ್ತೆಯಲ್ಲಿ ಸಿಗೋಣ ಅಂದರೆ ಒಪ್ಪಿಕೊಳ್ಳಿ, ನೀವೇ ಅಲ್ಲಿಯವರೆಗೆ ಓಡಿಸಿಕೊಂಡು ಹೋಗಿ.

ಲಾರಿ ಬೇಡ, ಡ್ರೈವರ್ ಒಬ್ಬರನ್ನು ಗೊತ್ತು ಮಾಡಿ ಕಾರನ್ನೇ ಓಡಿಸಿಕೊಂಡು ಬರಲು ಹೇಳಿದರೆ ಹೇಗೆ ಅಂತ ಕೆಲವರು ಕೇಳುತ್ತಾರೆ. ಆಗ ಎಂಜಿನ್, ಟೈರ್, ಕಿಲೋಮೀಟರ್ ಎಲ್ಲ ನಿಮ್ಮದೇ. ಅಪಘಾತವಾದರೆ ಪಾಲಿಸಿಯೂ ನಿಮ್ಮದೇ. 500 ಕಿಲೋಮೀಟರ್ ಒಳಗೆ, ಗುರುತಿನ ಡ್ರೈವರ್ ಇದ್ದರೆ ಸರಿ. ನಿಮ್ಮ ದೂರಕ್ಕೆ ನಾನು ಹೇಳುವುದಿಲ್ಲ.

ಇನ್ನು ನಿಮ್ಮ ತಂಗಿಯ ಕಾರು. ಮೊದಲು ಅವರು ಹೋಗುವ ದೇಶಕ್ಕೆ ಆ ಕಾರನ್ನು ತರಲು ಬಿಡುತ್ತಾರೆಯೇ ನೋಡಬೇಕು. ಕಾರಿನ ವಯಸ್ಸು, ಸ್ಟೀರಿಂಗ್ ಯಾವ ಬದಿ, ಸುರಕ್ಷತೆಯ ಗುಣಮಟ್ಟ, ಆಮದು ಸುಂಕ ಇವುಗಳಲ್ಲಿ ಒಂದು ಅಡ್ಡ ಬಂದರೂ ಕಾರು ಬಂದರಿನಲ್ಲೇ ಕೂರುತ್ತದೆ. ಅಲ್ಲಿ ದಿನಕ್ಕಿಷ್ಟು ಅಂತ ಬಾಡಿಗೆ ಏರುತ್ತದೆ. ಎಷ್ಟೋ ಸಲ ಇಲ್ಲಿ ಮಾರಿ ಅಲ್ಲಿ ಕೊಳ್ಳುವುದೇ ಲಾಭ. ಈ ಲೆಕ್ಕ ಮಾಡದೆ ಹಡಗಿನ ದರ ಕೇಳಲು ಹೋಗಬೇಡಿ.

ಹಡಗಿನಲ್ಲಿ ಎರಡು ದಾರಿ. ಒಂದು, ಕಾರನ್ನು ನೇರವಾಗಿ ಹಡಗಿನೊಳಗೆ ಓಡಿಸಿ ನಿಲ್ಲಿಸುವ ದೊಡ್ಡ ಕಾರು ಹಡಗು. ಇನ್ನೊಂದು, ಕಂಟೇನರ್. 20 ಅಡಿ ಕಂಟೇನರಿನ ಒಳ ಉದ್ದ ಸುಮಾರು 5.9 ಮೀಟರ್, ಅಗಲ ಸುಮಾರು 2.35 ಮೀಟರ್. ಮಾಮೂಲಿ ಕಾರು ಹಿಡಿಯುತ್ತದೆ, ಆದರೆ ಬಾಗಿಲು ತೆಗೆದು ಡ್ರೈವರ್ ಹೊರಬರುವ ಜಾಗ ಇಕ್ಕಟ್ಟು. ಕಟ್ಟುವುದರಲ್ಲಿ ಅನುಭವ ಇರುವವರೇ ಬೇಕು. ಕಾರು ಹಡಗಿನಲ್ಲಿ ಕೀಲಿ ಹಡಗಿನವರ ಹತ್ತಿರ ಇರುತ್ತದೆ, ಒಳಗೆ ಸಾಮಾನು ಇಡಲು ಬಿಡುವುದಿಲ್ಲ. ಕಂಟೇನರಿನಲ್ಲಿ ಬೀಗ, ಸೀಲು ಬೀಳುತ್ತದೆ. ಕೈ ಬದಲಾಗುವುದು ಕಡಿಮೆ ಅನ್ನುವ ಕಾರಣಕ್ಕೆ ಒಂದೇ ಕಾರಿಗೆ ನನಗೆ ಕಂಟೇನರ್ ಇಷ್ಟ, ದುಬಾರಿಯಾದರೂ.

ಸಮುದ್ರದ ವಿಮೆ ಬಿಡುವ ಹಾಗೇ ಇಲ್ಲ. 2022ರ ಫೆಬ್ರವರಿಯಲ್ಲಿ ಫೆಲಿಸಿಟಿ ಏಸ್ ಅನ್ನುವ ಕಾರು ಹಡಗಿಗೆ ಅಜೋರ್ಸ್ ದ್ವೀಪಗಳ ಹತ್ತಿರ ಬೆಂಕಿ ಬಿತ್ತು. ಸುಮಾರು 4,000 ಕಾರುಗಳಿದ್ದವು. ಇಪ್ಪತ್ತೆರಡು ಸಿಬ್ಬಂದಿಯೂ ಬದುಕುಳಿದರು. ಮಾರ್ಚ್ 1ರಂದು ಹಡಗು ಕಾರುಗಳ ಜೊತೆಗೇ ಮುಳುಗಿತು. ಇದು ಎಲ್ಲರಿಗೂ ಅರ್ಥವಾಗುವ ಅಪಾಯ. ಅರ್ಥವಾಗದ ಇನ್ನೊಂದು ಇದೆ. ಹಡಗನ್ನು ಉಳಿಸಲು ಮಾಡಿದ ಖರ್ಚನ್ನು ಹಡಗಿನ ಮಾಲೀಕರು ಮತ್ತು ಸರಕಿನ ಮಾಲೀಕರು ಎಲ್ಲರೂ ಹಂಚಿಕೊಳ್ಳಬೇಕು ಅನ್ನುವುದು ಸಮುದ್ರ ವ್ಯಾಪಾರದ ಬಹಳ ಹಳೆಯ ನಿಯಮ. ಜನರಲ್ ಆ್ಯವರೇಜ್ ಅಂತ ಅದರ ಹೆಸರು. 2021ರ ಮಾರ್ಚಿನಲ್ಲಿ ಎವರ್ ಗಿವನ್ ಹಡಗು ಸೂಯೆಜ್ ಕಾಲುವೆಯಲ್ಲಿ ಅಡ್ಡ ಸಿಕ್ಕಿಕೊಂಡಾಗ ಇದನ್ನೇ ಘೋಷಿಸಿದರು. ಇಂಥ ಸಂದರ್ಭದಲ್ಲಿ ನಿಮ್ಮ ಕಾರಿಗೆ ಒಂದು ಗೀರೂ ಬಿದ್ದಿಲ್ಲದಿದ್ದರೂ ನಿಮ್ಮ ಪಾಲಿಗೆ ಗ್ಯಾರಂಟಿ ಕೊಡದೆ ಅದು ಕೈಗೆ ಬರುವುದಿಲ್ಲ. ಸಮುದ್ರ ಸಾಗಣೆ ವಿಮೆ ಇದ್ದರೆ ವಿಮಾ ಕಂಪನಿಯೇ ಆ ಗ್ಯಾರಂಟಿ ಕೊಡುತ್ತದೆ. ಪಾಲಿಸಿಯಲ್ಲಿ ಈ ಹೆಸರು ಇದೆಯೇ ಅಂತ ತಂಗಿಗೆ ನೋಡಲು ಹೇಳಿ.

ಎಲೆಕ್ಟ್ರಿಕ್ ಕಾರು ಅನ್ನುವುದನ್ನು ಬುಕಿಂಗ್ ಮಾಡುವಾಗಲೇ ಹೇಳಬೇಕು. ಅಪಾಯಕಾರಿ ಸರಕಿನ ಅಂತಾರಾಷ್ಟ್ರೀಯ ಸಾಗಣೆ ನಿಯಮದಲ್ಲಿ ಲಿಥಿಯಂ ಅಯಾನ್ ಬ್ಯಾಟರಿಯ ವಾಹನಗಳಿಗೆ ಈಗ ಯುಎನ್ 3556 ಅನ್ನುವ ಬೇರೆ ಸಂಖ್ಯೆಯೇ ಇದೆ, ಕಾಗದಪತ್ರದಲ್ಲಿ ಅದು ಸರಿಯಾಗಿ ಬರಬೇಕು. ಎಲ್ಲ ಹಡಗು ಕಂಪನಿಗಳೂ ಬಳಸಿದ ಎಲೆಕ್ಟ್ರಿಕ್ ಕಾರನ್ನು ಒಪ್ಪುವುದಿಲ್ಲ. ಒಪ್ಪುವವರೂ ಚಾರ್ಜ್ ಇಷ್ಟಕ್ಕಿಂತ ಜಾಸ್ತಿ ಇರಬಾರದು ಅಂತ ಮಿತಿ ಹಾಕುತ್ತಾರೆ. ಅಪಘಾತದಲ್ಲಿ ಬ್ಯಾಟರಿಗೆ ಪೆಟ್ಟು ಬಿದ್ದಿದ್ದರೆ ಮುಚ್ಚಿಡಲೇಬಾರದು, ಅದು ಹಡಗಿನಲ್ಲಿರುವ ಜನರ ಜೀವದ ಪ್ರಶ್ನೆ. ಬಂದರಿಗೆ ಲಾರಿಯಲ್ಲಿ ಹೋಗುವಾಗಲೂ ತೂಕ ಹೇಳಿ. ಅಷ್ಟೇ ಗಾತ್ರದ ಪೆಟ್ರೋಲ್ ಕಾರಿಗಿಂತ ಇದು ನೂರಾರು ಕಿಲೋ ಭಾರ. ಮೋಟರಿಗೆ ಜೋಡಿಸಿದ ಚಕ್ರಗಳು ನೆಲಕ್ಕೆ ತಾಗಿ ಉರುಳುವ ಹಾಗೆ ಎಳೆಯಲು ಬಿಡಬೇಡಿ. ಚಕ್ರ ತಿರುಗಿದರೆ ಮೋಟರ್ ವಿದ್ಯುತ್ ಹುಟ್ಟಿಸುತ್ತದೆ, ಒಳಗೆ ಸುಡುತ್ತದೆ. ನಾಲ್ಕೂ ಚಕ್ರ ಹಲಗೆಯ ಮೇಲೆ ಇರಬೇಕು. ಸಾಗಣೆಗೆ ಅಂತ ಇರುವ ಮೋಡ್ ಹೇಗೆ ಹಾಕುವುದು ಅನ್ನುವ ಪುಟವನ್ನು ಕೈಪಿಡಿಯಿಂದ ಮುದ್ರಿಸಿ ಸ್ಟೀರಿಂಗ್‌ಗೆ ಅಂಟಿಸಲಿ. ದೊಡ್ಡ ಬ್ಯಾಟರಿಯಲ್ಲಿ ಚಾರ್ಜ್ ಇದ್ದರೂ 12 ವೋಲ್ಟಿನ ಸಣ್ಣ ಬ್ಯಾಟರಿ ಸತ್ತರೆ ಬಾಗಿಲೇ ತೆರೆಯದೆ ಹೋಗಬಹುದು. ವಾರಗಟ್ಟಲೆ ನಿಲ್ಲುವ ಪ್ರಯಾಣ ಇದು, ಆ ಬ್ಯಾಟರಿ ಹಳೆಯದಾಗಿದ್ದರೆ ಹೊರಡುವ ಮೊದಲೇ ಹೊಸದು ಹಾಕಿಸಲಿ. ಫೋನಿನ ಆ್ಯಪ್ ಒಂದನ್ನೇ ನಂಬದೆ ಕೀಲಿ ಕಾರ್ಡ್ ಅಥವಾ ರಿಮೋಟ್ ಕೊಟ್ಟು, ಹ್ಯಾಂಡಲ್ ಕೆಲಸ ಮಾಡದಿದ್ದರೆ ಬಾಗಿಲು ತೆಗೆಯುವುದು ಹೇಗೆ ಅಂತಲೂ ಅದೇ ಹಾಳೆಯಲ್ಲಿ ಬರೆದಿರಲಿ.